ಭಾನುವಾರದ ಎರೆ

ಹನುಮಯ್ಯನಿಗೆ ಮಾತು ಕಡಿಮೆ. ಹುಟ್ಟಿನಿಂದಲೇ ಹಾಗಿದ್ದನೋ, ಕೆಲಸ ಅವನನ್ನು ಹಾಗೆ ಮಾಡಿತೋ ಹೇಳುವುದು ಕಷ್ಟ. ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಅವನು ಲೇತ್ ಆಪರೇಟರ್. ಬೆಳಗಿನಿಂದ ಸಂಜೆಯವರೆಗೆ ಕಬ್ಬಿಣ ಕೊರೆಯುವ ಸದ್ದು. ಅಲ್ಲಿ ಯಾರಿಗಾದರೂ ಏನಾದರೂ ಹೇಳಬೇಕಾದರೆ ಭುಜ ತಟ್ಟಿ ಕೈಸನ್ನೆ ಮಾಡಬೇಕು. ಆ ಅಭ್ಯಾಸ ಮನೆಗೂ ಬಂದುಬಿಟ್ಟಿತು. ಮದುವೆಯಾಗಿ ಬಂದ ತುಂಗಾ ಕೆಲವು ವರ್ಷ ಕಾದು ನೋಡಿದಳು. ಕೊನೆಗೊಮ್ಮೆ ಅಮ್ಮನಿಗೆ ಹುಷಾರಿಲ್ಲವೆಂದು ರಾಮನಗರದ ತವರಿಗೆ ಹೊರಟವಳು, ಬಾಗಿಲಲ್ಲಿ ನಿಂತು, “ನಿಮ್ಮನೇಲಿ ಗೋಡೆ ಜೊತೆ ಮಾತಾಡಿ ಮಾತಾಡಿ ನಂಗೆ ಸಾಕಾಗೋಯ್ತು ಕಣ್ರೀ” ಎಂದಳು. ಜಗಳವೇನೂ ಆಗಿರಲಿಲ್ಲ. ಅವಳು ತಿರುಗಿ ಬರಲಿಲ್ಲ, ಇವನೂ ಹೋಗಿ ಕರೆಯಲಿಲ್ಲ. ಹೋಗಬೇಕಿತ್ತೇನೋ ಎಂದು ಅನ್ನಿಸುವ ಹೊತ್ತಿಗೆ ತಲೆ ಅರ್ಧ ನರೆತಿತ್ತು.

ಅತ್ತಿಗುಪ್ಪೆಯಲ್ಲಿ ಒಂದು ಮನೆಯ ಮಹಡಿಯ ಮೇಲಿನ ಕೋಣೆ ಅವನದು. ಕೆಳಗೆ ಮನೆ ಮಾಲೀಕರ ಸೊಸೆ ಮಾಲಾ ಸಂಸಾರದೊಂದಿಗೆ ಇದ್ದಳು. ಮೆಟ್ಟಿಲಲ್ಲಿ ಎದುರಾದಾಗಲೆಲ್ಲ “ಊಟ ಆಯ್ತಾ ಅಂಕಲ್?” ಎನ್ನುವಳು. ಇವನು ತಲೆಯಾಡಿಸುವನು. ಎಷ್ಟೋ ದಿನ ಅವನ ಪಾಲಿಗೆ ಒಬ್ಬರು ಕೇಳಿ ಒಬ್ಬರು ಉತ್ತರಿಸಿದ ಮಾತು ಎಂದರೆ ಅದೊಂದೇ.

ಭಾನುವಾರ ಮಾತ್ರ ಬೇರೆ. ಅಂದು ಬೆಳಗಾಗುತ್ತಲೇ ಬಿದಿರಿನ ಗಾಳದ ಕೋಲು ಹಿಡಿದು ಉಲ್ಲಾಳದ ಬಸ್ಸು ಹತ್ತುತ್ತಿದ್ದ. ಊರು ದಾಟಿ, ಹೊಸ ಲೇಔಟುಗಳ ಸೈಟುಗಲ್ಲುಗಳ ನಡುವೆ ನಡೆದರೆ ಒಂದು ಕೆರೆ. ಕೆರೆಯ ಮೀನು ಗುತ್ತಿಗೆ ಹಿಡಿದವನ ಕಡೆಯವನಿಗೆ ಹೇಳಿ ಏರಿಯ ಕೆಳಗಿನ ಕಲ್ಲಿನ ಮೇಲೆ ಕೂತರೆ ಬಿಸಿಲು ನೆತ್ತಿಗೇರುವವರೆಗೆ ಅವನನ್ನು ಎಬ್ಬಿಸುವವರಿಲ್ಲ. ಅಲ್ಲಿ ಮಾತಾಡದೆ ಕೂತಿದ್ದರೆ ಯಾರೂ ಅದನ್ನು ತಪ್ಪೆಂದು ಎಣಿಸುತ್ತಿರಲಿಲ್ಲ.

ಗೂಳಪ್ಪನವರು ಅವನಿಗೆ ಸಿಕ್ಕಿದ್ದು ಅಲ್ಲೇ. ಒಂದು ದಿನ ಹಣೆಗೆ ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಹಿರಿಯರೊಬ್ಬರು ಸ್ಕೂಟರು ನಿಲ್ಲಿಸಿ ಏರಿ ಇಳಿದು ಬಂದರು. ದಾರಿ ತಪ್ಪಿ ಬಂದಿರಬೇಕು ಎಂದುಕೊಂಡ ಹನುಮಯ್ಯ. ಅವರು ಬಂದವರೇ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಅವನ ಎರೆಯ ಡಬ್ಬಿಯೊಳಗೆ ಇಣುಕಿದರು. ಎರೆ ಎಂದರೆ ಗಾಳಕ್ಕೆ ಚುಚ್ಚುವ ಜೀವ. ಹನುಮಯ್ಯ ಮನೆಯ ಹಿಂದಿನ ಮೋರಿ ಪಕ್ಕದಲ್ಲಿ ಅಗೆದು ತಂದ ಹುಳುಗಳು ಅದರಲ್ಲಿದ್ದವು.

“ಎಲ್ಲಿಂದ ತಂದ್ರಿ ಇವನ್ನ?”

“ಮೋರಿ ಹತ್ರ.”

“ಅದಕ್ಕೇ ಹಿಂಗಿವೆ. ಸೋಪು ನೀರು ಕುಡ್ದು ಕುಡ್ದು ಸತ್ತಂಗಿವೆಯಲ್ರೀ! ಇವನ್ನ ನೋಡಿದ್ರೆ ಜಿಲೇಬಿ ಮೀನೂ ಮುಖ ತಿರುಗಿಸ್ಕೊಂಡು ಹೋಗುತ್ತೆ. ನಿಮಗೆ ಬೇಕಾಗಿರೋದು ಯಾವುದು?”

“ಕೊರವ.”

“ಕೊರವಾನಾ?” ಗೂಳಪ್ಪನವರು ಕೈ ಕೊಡವಿಕೊಂಡು ನಕ್ಕರು. “ಅದು ದೊಡ್ಡ ಮನುಷ್ಯ ಸ್ವಾಮಿ. ಸತ್ತಿದ್ದು, ಸಾಯ್ತಾ ಇರೋದು ಯಾವುದನ್ನೂ ಅದು ಮುಟ್ಟಲ್ಲ. ಓಡೋ ಜೀವ ಬೇಕು ಅದಕ್ಕೆ.”

ಮುಂದಿನ ಭಾನುವಾರ ಅವರು ಎರೆಯನ್ನು ತಾವೇ ತಂದರು. ಗಾಳಿ ತುಂಬಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಸಣ್ಣ ಸಣ್ಣ ಮೀನುಗಳು. ಅವನ್ನು ಬಕೆಟ್ಟಿಗೆ ಬಿಟ್ಟು, ಕೈ ಒದ್ದೆ ಮಾಡಿಕೊಂಡು ಒಂದೊಂದನ್ನೇ ಅಂಗೈಯಲ್ಲಿ ಎತ್ತಿ ನೋಡತೊಡಗಿದರು. ಒಣಗಿದ ಕೈಯಲ್ಲಿ ಹಿಡಿದರೆ ಮೀನಿನ ಮೈಮೇಲಿನ ಲೋಳೆ ಹೋಗಿ ಅದು ಬೇಗ ಸೋಲುತ್ತದಂತೆ. ಒಂದನ್ನು ನೋಡಿ “ಇದು ಮಂಕು. ಇದಕ್ಕೇ ಬದುಕೋ ಆಸೆ ಇಲ್ಲ, ಕೊರವ ಯಾಕೆ ಅಟ್ಟಿಸ್ಕೊಂಡು ಬರುತ್ತೆ?” ಎಂದು ನೀರಿಗೆ ಬಿಟ್ಟರು. ಇನ್ನೊಂದು ದಪ್ಪವಾಗಿ ಹೊಳೆಯುತ್ತಿತ್ತು. ಅದೇ ಒಳ್ಳೆಯದೆಂದು ಹನುಮಯ್ಯ ಕೈ ಚಾಚಿದ. “ಅದು ಬೇಡ. ಬಲ ಜಾಸ್ತಿ, ದಾರ ಎಳ್ಕೊಂಡು ಜೊಂಡಿನೊಳಗೆ ಸೇರ್ಕೊಳ್ಳುತ್ತೆ.” ಕೊನೆಗೆ ಆರಿಸಿದ್ದು, ಬಕೆಟ್ಟಿನ ಅಂಚಿನಲ್ಲೇ ಸುತ್ತುತ್ತ ಹೊರಹೋಗುವ ದಾರಿ ಹುಡುಕುತ್ತಿದ್ದ ಒಂದು ಸಾಧಾರಣ ಮೀನನ್ನು. ಬೆನ್ನಿನ ರೆಕ್ಕೆಯ ಕೆಳಗೆ, ಮೂಳೆಗೆ ತಾಗದಂತೆ ಗಾಳ ಚುಚ್ಚಿ ನೀರಿಗಿಳಿಸಿದರೆ ಅದು ಏನೂ ಆಗದಂತೆ ಈಜುತ್ತ ಹೋಯಿತು. ಆ ದಿನ ಹನುಮಯ್ಯನ ಗಾಳಕ್ಕೆ ಮೊಳದುದ್ದದ ಕೊರವ ಬಿತ್ತು. ಹಾವಿನ ತಲೆಯ ಆ ಕಪ್ಪು ಮೀನನ್ನು ಎಳೆದು ದಡಕ್ಕೆ ಹಾಕಿದಾಗ ಅವನು ಜೋರಾಗಿ ಕೂಗಿಬಿಟ್ಟ. ತನ್ನ ದನಿ ಅಷ್ಟು ದೊಡ್ಡದಿದೆ ಎಂಬುದೇ ಅವನಿಗೆ ಮರೆತುಹೋಗಿತ್ತು.

ಅಲ್ಲಿಂದ ಭಾನುವಾರಗಳು ಇಬ್ಬರವಾದವು. ಗೂಳಪ್ಪನವರು ಮಾತಿನ ಮನುಷ್ಯ, ಆದರೆ ಅವರ ಮಾತೆಲ್ಲ ಎರೆಯ ಸುತ್ತಲೇ. ಹೊಸ ಮಳೆ ಬಿದ್ದಾಗ ಕೊಟ್ಟಿಗೆ ಗೊಬ್ಬರದ ಕೆಂಪು ಹುಳು ಒಳ್ಳೆಯದೋ ಕಪ್ಪೆ ಒಳ್ಳೆಯದೋ, ಚಳಿಗಾಲದ ಬೆಳಗ್ಗೆ ತಣ್ಣಗಿನ ನೀರಲ್ಲಿ ಮಿಡತೆ ಎಷ್ಟು ಹೊತ್ತು ಕಾಲು ಬಡಿಯುತ್ತದೆ, ಮರಿಗಳನ್ನು ಕಾಯುತ್ತಿರುವ ಕೊರವಕ್ಕೆ ಹಸಿವಿರುವುದಿಲ್ಲ, ಸಿಟ್ಟಿರುತ್ತದೆ, ಆಗ ಯಾವುದನ್ನು ಅದರ ಮುಂದೆ ಬಿಡಬೇಕು. ಕೆಲವು ಸಲ ರೀಲಿನ ಕೋಲು ಹಿಡಿದ ಹುಡುಗರು ಬಂದು ಪ್ಲಾಸ್ಟಿಕ್ ಕಪ್ಪೆ ಎಸೆಯುತ್ತಿದ್ದರು. ಅವರಿಗೂ ಒಳ್ಳೆಯ ಮೀನೇ ಬೀಳುತ್ತಿತ್ತು. ಗೂಳಪ್ಪನವರು ಅದನ್ನು ನೋಡಿ, “ಬೀಳುತ್ತೆ, ಇಲ್ಲ ಅನ್ನಲ್ಲ. ಆದ್ರೆ ಆರಿಸೋ ಸುಖ ಎಲ್ಲಿದೆ ಅದರಲ್ಲಿ?” ಎನ್ನುತ್ತಿದ್ದರು.

ತಮ್ಮ ಗಾಳಕ್ಕೆ ಬಿದ್ದುದನ್ನು ಅವರು ಎಂದೂ ಮನೆಗೆ ಒಯ್ಯಲಿಲ್ಲ. “ನಮ್ಮನೇಲಿ ತಿನ್ನಲ್ಲ” ಎಂದು ಹನುಮಯ್ಯನಿಗೆ ಕೊಡುವರು, ಇಲ್ಲವೇ ನೀರಿಗೆ ಬಿಡುವರು. ಹೊರಡುವ ಮೊದಲು ಅರ್ಧ ನಿಂಬೆಹಣ್ಣಿನಿಂದ ಕೈಗಳನ್ನು ಮೊಣಕೈವರೆಗೆ ಉಜ್ಜಿ ಉಜ್ಜಿ ತೊಳೆದು, ಸ್ಕೂಟರಿನಲ್ಲಿಟ್ಟಿದ್ದ ಬೇರೆ ಅಂಗಿ ತೊಟ್ಟು, ಮತ್ತೆ ವಿಭೂತಿ ಹಚ್ಚಿಕೊಳ್ಳುವರು. ಗಾಳದ ಕೋಲನ್ನು “ನಿಮ್ಮ ಹತ್ರಾನೇ ಇರ್ಲಿ” ಎಂದು ಹನುಮಯ್ಯನ ಕೋಣೆಯಲ್ಲೇ ಇರಿಸಿದ್ದರು. ಉಲ್ಲಾಳದ ಬಸ್‌ಸ್ಟಾಪಿನವರೆಗೆ ಅವನನ್ನು ಬಿಟ್ಟು, ಕೈ ಎತ್ತಿ ಹೋಗಿಬಿಡುವರು. ಒಮ್ಮೆ ಹನುಮಯ್ಯ ಫೋನ್ ನಂಬರು ಕೇಳಿದ್ದ. “ಕೆರೆಗೆ ಬರೋಕೆ ಫೋನ್ ಯಾಕೆ ಹನುಮಯ್ಯ? ಭಾನುವಾರ ಆದ್ರೆ ನಾನು ಇಲ್ಲಿರ್ತೀನಿ” ಎಂದಿದ್ದರು. ಅವನಿಗೆ ಸ್ವಲ್ಪ ನೋವಾಯಿತು. ಮತ್ತೆ ಕೇಳಲಿಲ್ಲ.

ಇನ್ನೊಮ್ಮೆ ಅವನು ಕೇಳಿದ್ದ: “ತಿನ್ನಲ್ಲ ಅಂತೀರ. ಮತ್ತೆ ಇಷ್ಟು ದೂರ ಯಾಕೆ ಬರ್ತೀರಿ ಸಾರ್?”

ಗೂಳಪ್ಪನವರು ನೀರಲ್ಲಿ ತೇಲುತ್ತಿದ್ದ ದಾರದ ಬೆಂಡಿನ ಮೇಲಿನ ಕಣ್ಣು ತೆಗೆಯದೆ, “ಸ್ಕೂಲ್ ಆಫೀಸಲ್ಲಿ ಕ್ಲಾರ್ಕ್ ಆಗಿದ್ದೋನು ನಾನು. ಜನ್ಮ ಎಲ್ಲಾ ಯಾರೋ ಒಬ್ರು ಏನೋ ಒಂದು ಕೇಳ್ತಾನೇ ಇದ್ರು. ಇಲ್ಲಿ ಕೂತ್ರೆ ಯಾರೂ ಏನೂ ಕೇಳಲ್ಲ” ಎಂದರು. ಆಮೇಲೆ ನಕ್ಕು, “ನೀವು ಕೇಳೋವರೆಗೆ ಯಾರೂ ಕೇಳಿರಲಿಲ್ಲ” ಎಂದರು.

ಹೀಗೆ ಕೆಲವು ವರ್ಷ ನಡೆಯಿತು.

ಒಂದು ಬೇಸಿಗೆಯ ಭಾನುವಾರ ಗೂಳಪ್ಪನವರು ಬರಲಿಲ್ಲ. ಮನೆಯಲ್ಲಿ ಏನೋ ಕಾರ್ಯವಿರಬೇಕು ಎಂದುಕೊಂಡು ಹನುಮಯ್ಯ ಇಬ್ಬರ ಕೋಲನ್ನೂ ಪಕ್ಕದಲ್ಲಿಟ್ಟುಕೊಂಡು ಕೂತ. ಎರೆ ತರುವುದು ಅವರ ಕೆಲಸವಾದ್ದರಿಂದ ಅವನ ಬಳಿ ಏನೂ ಇರಲಿಲ್ಲ. ದಡದ ಹುಲ್ಲಿನಲ್ಲಿ ಒಂದು ಮಿಡತೆ ಹಿಡಿದು ಚುಚ್ಚಿದ. ಅದು ಆಗಲೇ ಸತ್ತಿತ್ತು. ಬೆರಳಲ್ಲಿ ಒತ್ತಿ ಹಿಡಿದಿದ್ದ. ಮುಂದಿನ ವಾರವೂ ಅವರು ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಏರಿಯ ಮೇಲೆ ಸ್ಕೂಟರಿನ ಸದ್ದಾದಾಗಲೆಲ್ಲ ತಿರುಗಿ ನೋಡಿ ನೋಡಿ ಅವನ ಕತ್ತು ನೋಯುತ್ತಿತ್ತು.

ಆ ಮೂರನೆಯ ಭಾನುವಾರ ವಾಪಸು ಬರುವ ಬಸ್ಸಿನಲ್ಲಿ ಕೂತು ಯೋಚಿಸಿದಾಗ ಅವನಿಗೆ ಗಾಬರಿಯಾಯಿತು. ಇಷ್ಟು ಕಾಲ ಪಕ್ಕದಲ್ಲಿ ಕೂತ ಮನುಷ್ಯನ ಮನೆ ಎಲ್ಲಿ, ಹೆಂಡತಿ ಮಕ್ಕಳು ಯಾರು, ಯಾವ ಶಾಲೆಯಲ್ಲಿದ್ದರು, ಒಂದೂ ಗೊತ್ತಿಲ್ಲ. ಗೊತ್ತಿರುವುದೆಲ್ಲ ಎರೆಯ ವಿಷಯವೇ. ಸರಿ, ಅಲ್ಲಿಂದಲೇ ಹುಡುಕಬೇಕು ಎಂದುಕೊಂಡ. ಸಣ್ಣ ಮೀನುಗಳನ್ನು ವಿಜಯನಗರದ ಒಂದು ಅಕ್ವೇರಿಯಂ ಅಂಗಡಿಯಿಂದ ತರುತ್ತೇನೆಂದು ಅವರು ಹೇಳಿದ್ದು ನೆನಪಿತ್ತು.

ಮಾರುಕಟ್ಟೆ ರಸ್ತೆಯ ಜನಜಂಗುಳಿಯಲ್ಲಿ ಅಂಗಡಿ ಹುಡುಕಿ ಒಳಹೊಕ್ಕಾಗ, ಗಾಜಿನ ತೊಟ್ಟಿಗಳ ನಡುವೆ ಸುಘೋಷ್ ಎಂಬ ಮಾಲೀಕ ಮೊಬೈಲು ನೋಡುತ್ತ ಕೂತಿದ್ದ. ಹನುಮಯ್ಯ ತಡವರಿಸುತ್ತ ವಿಭೂತಿ, ಸ್ಕೂಟರು, ಇಸ್ತ್ರಿ ಅಂಗಿ ಎಂದೆಲ್ಲ ವಿವರಿಸಿದ.

“ಓ, ಅರೋವಾನಾ ಅಂಕಲ್ಲಾ?” ಎಂದ ಸುಘೋಷ್. “ಅವ್ರ ಮನೇಲಿ ದೊಡ್ಡ ಅರೋವಾನಾ ಮೀನಿದೆಯಲ್ಲ, ಅದಕ್ಕೆ ತಿನ್ಸೋಕೆ ಅಂತ ಪ್ರತಿ ಶನಿವಾರ ಫೀಡರ್ ಫಿಶ್ ತಗೊಂಡು ಹೋಗೋರು. ಒಂದೊಂದನ್ನೂ ಆರಿಸೋರು ಗುರು, ತಲೆ ತಿನ್ನೋರು! ಈಗ ಬಂದು ತುಂಬಾ ದಿನ ಆಯ್ತು.”

“ಮನೆ ಎಲ್ಲಿ ಅಂತ ಗೊತ್ತಾ?”

“ಇಲ್ಲ ಅಂಕಲ್. ಬಸವೇಶ್ವರನಗರದ ಕಡೆಯಿಂದ ಬರ್ತಿದ್ರು ಅನ್ಸುತ್ತೆ.”

ಅವರ ಮನೆಯಲ್ಲಿ ಮೀನು ಸಾಕಿದ್ದಾರೆಂಬುದನ್ನು ಹನುಮಯ್ಯ ಎಂದೂ ಕೇಳಿರಲಿಲ್ಲ. ತನಗೇ ಹೇಳಿಲ್ಲವಲ್ಲ ಎಂದು ಮತ್ತೆ ಸ್ವಲ್ಪ ನೊಂದುಕೊಂಡ. ಬಸವೇಶ್ವರನಗರ ಎಂದಾಗ ಕೆಂಪು ಹುಳುವಿನ ಮಾತು ನೆನಪಾಯಿತು. ಕಮಲಾನಗರದ ಹತ್ತಿರ ಇನ್ನೂ ಒಂದು ಮನೆಯಲ್ಲಿ ಹಸು ಕಟ್ಟಿದ್ದಾರೆ, ಅಲ್ಲಿನ ತಿಪ್ಪೆಯ ಹುಳುವಿಗೆ ಸಾಟಿ ಇಲ್ಲ ಎನ್ನುತ್ತಿದ್ದರು. ಮರುದಿನ ಕೆಲಸಕ್ಕೆ ರಜೆ ಹಾಕಿ ಸಗಣಿಯ ವಾಸನೆ ಹಿಡಿದು ಗಲ್ಲಿ ಗಲ್ಲಿ ತಿರುಗಿದ. ಮೂರಂತಸ್ತಿನ ಮನೆಗಳ ಮಧ್ಯೆ ಶೀಟು ಹೊದಿಸಿದ ಕೊಟ್ಟಿಗೆಯೊಂದು ಸಿಕ್ಕಿತು. ಹಾಲು ಕರೆಯುತ್ತಿದ್ದ ಮುನಿಲಕ್ಷ್ಮಮ್ಮ ಎಂಬಾಕೆ ತಲೆ ಎತ್ತದೆಯೇ ಕೇಳಿಸಿಕೊಂಡಳು.

“ಗುಲಾಬಿ ಗಿಡದ ಗೂಳಪ್ಪನೋರಲ್ವಾ? ಗಿಡಕ್ಕೆ ಒಳ್ಳೇದು ಅಂತ ನನ್ನ ತಿಪ್ಪೇಲಿ ಎರೆಹುಳ ಆರಿಸ್ಕೊಂಡು ಹೋಗೋರು. ನಾನೇ ಅವ್ರ ಮನೆಗೆ ಹಾಲು ಹಾಕೋದು.” ಆಮೇಲೆ ಕೈ ನಿಲ್ಲಿಸಿ ಅವನ ಮುಖ ನೋಡಿದಳು. “ನಿಮಗೆ ಗೊತ್ತಾಗಲಿಲ್ವಾ? ಬಚ್ಚಲಲ್ಲಿ ಬಿದ್ಬಿಟ್ರಂತೆ ಕಣಣ್ಣ. ಲಕ್ವ. ಆಸ್ಪತ್ರೆಯಿಂದ ಮನೆಗೆ ಬಂದವ್ರೆ. ಆದ್ರೆ ಮಾತು ಹೋಗ್ಬಿಟ್ಟದೆ.”

ಮುನಿಲಕ್ಷ್ಮಮ್ಮ ತೋರಿಸಿದ ಹಸಿರು ಗೇಟಿನ ಮುಂದೆ ಹನುಮಯ್ಯ ಬಹಳ ಹೊತ್ತು ನಿಂತ. ಅಂಗಳದಲ್ಲಿ ಒಂದೂ ಗುಲಾಬಿ ಗಿಡವಿರಲಿಲ್ಲ. ಬಾಗಿಲು ತೆರೆದವರು ಗೂಳಪ್ಪನವರ ಹೆಂಡತಿ ಜಯದೇವಿ. ಬಿಳಿಚಿಕೊಂಡ ಮುಖ, ಹಣೆಯಲ್ಲಿ ವಿಭೂತಿ, ನಿದ್ದೆಗೆಟ್ಟ ಕಣ್ಣು.

“ನಾನು ಹನುಮಯ್ಯ ಅಂತ ಅಮ್ಮಾ. ಸಾರ್ ಪರಿಚಯ... ಭಾನುವಾರ...”

ಜಯದೇವಿಯವರ ಮುಖ ಒಮ್ಮೆಲೇ ಅರಳಿತು. “ಭಜನೆಯವರಾ? ಬನ್ನಿ ಬನ್ನಿ! ಉಲ್ಲಾಳದ ಭಜನಾ ಮಂಡಳಿಯವ್ರು ಯಾರಾದ್ರೂ ಬರ್ತಾರೇನೋ ಅಂತ ನಾನು ಕಾದಿದ್ದೇ ಕಾದಿದ್ದು. ಒಂದು ಭಾನುವಾರಾನೂ ತಪ್ಪಿಸ್ದೆ ಬರ್ತಿದ್ರಲ್ಲ ಅವ್ರು. ನಿಮ್ಮ ಯಾರ ನಂಬರೂ ನನ್ನ ಹತ್ರ ಇರಲಿಲ್ಲ.”

ಹನುಮಯ್ಯ ಹೊಸ್ತಿಲಲ್ಲೇ ನಿಂತುಬಿಟ್ಟ. ನಿಂಬೆಹಣ್ಣು, ಬೇರೆ ಅಂಗಿ, ಅರೋವಾನಾ, ಗುಲಾಬಿ ಗಿಡ, ಕೊಡದ ಫೋನ್ ನಂಬರು ಎಲ್ಲಕ್ಕೂ ಆ ಒಂದು ಕ್ಷಣದಲ್ಲಿ ಅರ್ಥ ಹುಟ್ಟಿತು. ಮೊಟ್ಟೆ ಕೂಡ ಒಳಗೆ ಬಾರದ ಮನೆ ಅದು. ಮೀನು ಹಿಡಿಯುವುದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹನುಮಯ್ಯ ನೊಂದುಕೊಂಡಿದ್ದೆಲ್ಲ ಸುಮ್ಮನೆ.

“ಹೌದಮ್ಮ. ಭಜನೆಯವನೇ” ಎಂದ.

ಒಳಕೋಣೆಯ ಮಂಚದಲ್ಲಿ ಗೂಳಪ್ಪನವರು ಮಲಗಿದ್ದರು. ಬಾಯಿ ಒಂದು ಕಡೆ ವಾಲಿತ್ತು. ಬಲಗೈ ಹೊದಿಕೆಯ ಮೇಲೆ ಬೇರೆ ಯಾರದೋ ಎಂಬಂತೆ ಬಿದ್ದಿತ್ತು. ಹನುಮಯ್ಯನನ್ನು ಕಂಡದ್ದೇ ಅವರ ಕಣ್ಣುಗಳು ದೊಡ್ಡವಾದವು. ಸಂತೋಷವಲ್ಲ, ಭಯ. ಆ ಕಣ್ಣು ಹೆಂಡತಿಯ ಕಡೆ ಹೋಗಿ ಮತ್ತೆ ಇವನ ಕಡೆ ಬಂತು.

“ನೋಡಿ, ನಿಮ್ಮ ಭಜನೆಯವ್ರು ಬಂದಿದ್ದಾರೆ” ಎಂದರು ಜಯದೇವಿ.

“ಎಲ್ರೂ ಕೇಳ್ತಿದ್ರು ಸಾರ್” ಎಂದ ಹನುಮಯ್ಯ, ಕುರ್ಚಿಯ ತುದಿಯಲ್ಲಿ ಕೂತು. “ನೀವಿಲ್ದೆ ಮಂಡಳಿಯಲ್ಲಿ ಕಳೆನೇ ಇಲ್ಲ.”

ಮಂಚದ ಮೇಲಿನ ಮೈ ನಿಧಾನವಾಗಿ ಸಡಿಲವಾಯಿತು. ಜಯದೇವಿ ಕಾಫಿ ತಂದುಕೊಟ್ಟು, “ನೀವು ಒಂದು ಹಾಡಿ. ಕೇಳಿದ್ರೆ ಅವ್ರಿಗೆ ಸಮಾಧಾನ ಆಗುತ್ತೆ” ಎಂದರು.

ಹನುಮಯ್ಯ ಲೋಟ ಕೆಳಗಿಟ್ಟ. ಬದುಕಿನಲ್ಲಿ ಅವನು ಒಂದು ಹಾಡನ್ನೂ ಪೂರ್ತಿ ಕಲಿತವನಲ್ಲ. “ನಂಗೆ ಹಾಡೋಕೆ ಬರಲ್ಲಮ್ಮ. ನಾನು... ನಾನು ತಾಳ ಹಾಕ್ತೀನಿ ಅಷ್ಟೇ.”

ಗೂಳಪ್ಪನವರ ಎಡಭುಜ ಕುಲುಕತೊಡಗಿತು. ಗಂಟಲಿನಿಂದ ಒಂದು ಗೊರಗೊರ ಸದ್ದು. ಜಯದೇವಿ ಹೆದರಿ ಮಂಚದ ಹತ್ತಿರ ಓಡಿದರು. ಅವರು ನಗುತ್ತಿದ್ದಾರೆಂದು ತಿಳಿದಾಗ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಬಿದ್ದ ಮೇಲೆ ಇವತ್ತೇ ನಕ್ಕಿದ್ದು. ದಯವಿಟ್ಟು ಬರ್ತಾ ಇರಿ” ಎಂದು ಕೈಮುಗಿದರು.

ಆಮೇಲಿನ ಭಾನುವಾರಗಳಲ್ಲಿ ಹನುಮಯ್ಯ ಬೆಳಗ್ಗೆ ಕೆರೆಗೆ ಹೋಗಿ, ಬಿಸಿಲೇರುವ ಮೊದಲೇ ಎದ್ದು, ನಿಂಬೆಹಣ್ಣಿನಿಂದ ಕೈ ಉಜ್ಜಿ ತೊಳೆದು, ಬಸ್ಸು ಬದಲಿಸಿ ಬಸವೇಶ್ವರನಗರಕ್ಕೆ ಬರುತ್ತಿದ್ದ. ಮಾತು ಹೋದವರ ಎದುರು ಮಾತು ಬಾರದವನು ಕೂತು ಮಾತಾಡಬೇಕಾಗಿತ್ತು. ಮೊದಮೊದಲು ಕಷ್ಟವಾಯಿತು. ಮಲಗುವ ಮುಂಚೆ ಕೋಣೆಯಲ್ಲಿ ಒಬ್ಬನೇ ಇದನ್ನು ಹೇಳಬೇಕು, ಅದನ್ನು ಹೇಳಬೇಕು ಎಂದು ಜೋಡಿಸಿಕೊಳ್ಳುವನು. ಇಷ್ಟನ್ನು ತುಂಗಾಳಿಗೆ ಮಾಡಿದ್ದರೆ ಎಂದು ಒಂದೊಂದು ಸಲ ಅನ್ನಿಸುತ್ತಿತ್ತು. ಜಯದೇವಿ ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಾರಾದ್ದರಿಂದ ಎಲ್ಲವನ್ನೂ ಭಜನೆಯ ಲೆಕ್ಕದಲ್ಲಿ ಹೇಳಬೇಕು. ಕೊರವಕ್ಕೆ ‘ಅಧ್ಯಕ್ಷರು’ ಎಂದು ಹೆಸರಿಟ್ಟ. ‘ಇವತ್ತು ಅಧ್ಯಕ್ಷರು ಬಂದಿದ್ರು ಸಾರ್, ಹಂಗೇ ಮುಖ ತೋರ್ಸಿ ವಾಪಸ್ ಹೋದ್ರು’ ಎಂದರೆ ಗೂಳಪ್ಪನವರ ಕಣ್ಣು ಮಿನುಗುವುದು.

ಮಳೆ ಶುರುವಾದ ವಾರ ಅವನು ಮಂಚದ ಕಡೆ ಬಗ್ಗಿ, “ಕೆರೆ ಕಡೆ ಹೊಸ ನೀರು ಬಂದಿದೆ. ಈ ಸಲ ಅಧ್ಯಕ್ಷರನ್ನ ಕರಿಯೋಕೆ ಯಾರನ್ನ ಕಳಿಸ್ಲಿ ಸಾರ್?” ಎಂದು ಮೆಲ್ಲಗೆ ಕೇಳಿದ. ಗೂಳಪ್ಪನವರು ಬಹಳ ಹೊತ್ತು ಯೋಚಿಸಿದರು. ಆಮೇಲೆ ಎಡಗೈಯ ಎರಡು ಬೆರಳು ಹೊದಿಕೆಯ ಮೇಲೆ ಮೆಲ್ಲಗೆ ಎದ್ದು ಕುಪ್ಪಳಿಸಿದವು. ಒಂದು ಸಲ, ಇನ್ನೊಂದು ಸಲ. ಕಪ್ಪೆ. ಹೆಬ್ಬೆರಳಿನ ತುದಿ ತೋರಿಸಿ ಎಷ್ಟು ದೊಡ್ಡದೆಂದೂ ಹೇಳಿದರು. ಮುಂದಿನ ಭಾನುವಾರ ಹನುಮಯ್ಯ ಗದ್ದೆಯ ಕಾಲುವೆಯಲ್ಲಿ ಮಂಡಿಯೂರಿ, ಅಷ್ಟೇ ಗಾತ್ರದ ಕಪ್ಪೆಗಾಗಿ ಹುಡುಕಿದ. ಚಿಕ್ಕವನ್ನು ಬಿಟ್ಟ, ಕಾಲು ಸೋತದ್ದನ್ನು ಬಿಟ್ಟ. ಸಿಕ್ಕಿದ್ದು ಕೈಯೊಳಗೆ ಒದೆಯುತ್ತಿತ್ತು. ಅಂದು ಕೊರವ ಬಿತ್ತು. ಕೂಗಲಿಲ್ಲ. ಆದಷ್ಟು ಬೇಗ ಹೋಗಿ ಹೇಳಬೇಕೆಂದು ಬಸ್ಸಿಗೆ ಓಡಿದ.

ಆದರೆ ಅಂದು ಆ ಮನೆಯಲ್ಲಿ ಬೇರೆಯೇ ಕಾದಿತ್ತು. ಸ್ಕೂಟರನ್ನು ಮಾರಲು ಜಯದೇವಿ ಅದರ ಡಿಕ್ಕಿಯನ್ನು ಖಾಲಿ ಮಾಡಿಸಿದ್ದರು. ಹಳೆಯ ಒರೆಸುವ ಬಟ್ಟೆಯೊಳಗೆ ಸುತ್ತಿದ ಒಂದು ತಗಡಿನ ಡಬ್ಬಿ ಸಿಕ್ಕಿತ್ತು. ಅದನ್ನು ಗೂಳಪ್ಪನವರ ಕೋಣೆಯ ಮೇಜಿನ ಮೇಲೆ ತೆರೆದಿಟ್ಟು ಆಕೆ ನಿಂತಿದ್ದರು. ಗಾಳಗಳು, ದಾರದ ಉಂಡೆ, ಒಂದು ಬೆಂಡು, ತಳದಲ್ಲಿ ಒಣಗಿ ಅಂಟಿಕೊಂಡ ಹುಳು.

“ಹನುಮಯ್ಯನವ್ರೇ, ಇದೇನು ಅಂತ ನಿಮಗೆ ಗೊತ್ತಾ?” ಆಕೆ ಡಬ್ಬಿಯತ್ತ ಬೆರಳು ತೋರಿಸಿದರು. “ಇವ್ರ ಗಾಡೀಲಿತ್ತು. ಬೆಳಗ್ಗೆಯಿಂದ ಕೇಳ್ತಿದೀನಿ, ಕಣ್ಣು ಮುಚ್ಕೊಂಡು ಮಲಗಿಬಿಟ್ಟಿದ್ದಾರೆ.”

ಹನುಮಯ್ಯ ಮಂಚದ ಕಡೆ ನೋಡಿದ. ಗೂಳಪ್ಪನವರು ಕಣ್ಣು ಬಿಟ್ಟರು. ಮೊದಲ ದಿನ ಕಂಡ ಅದೇ ಭಯ.

“ಅದು ನಂದಮ್ಮ” ಎಂದ ಹನುಮಯ್ಯ.

“ನಿಮ್ಮದಾ?”

“ನಂದೇ. ನಂಗೆ ಮೀನು ಹಿಡಿಯೋ ಚಟ. ಭಜನೆ ಮುಗಿಸ್ಕೊಂಡು ಹಂಗೇ ಕೆರೆಗೆ ಹೋಗ್ತಿದ್ದೆ. ಒಂದು ದಿನ ಸಾರ್ ಗಾಡೀಲಿ ಇಟ್ಟವನು ಇಸ್ಕೊಳ್ಳೋಕೆ ಮರ್ತೆ. ಅವ್ರಿಗೆ ಅದರಲ್ಲಿ ಏನಿದೆ ಅಂತ ಗೊತ್ತಿಲ್ಲ.”

ಜಯದೇವಿ ಕುರ್ಚಿಯಲ್ಲಿ ಕುಸಿದು ಕೂತರು. ಎದೆಯ ಮೇಲಿನ ಭಾರ ಇಳಿದಿತ್ತು, ಆದರೆ ಅದರ ಜಾಗಕ್ಕೆ ಇನ್ನೊಂದು ಬಂದಿತ್ತು. “ಹಾಗಾದ್ರೆ ಇಷ್ಟು ದಿನ... ಅಲ್ಲಿಂದಾನೇ ನೇರ ಇಲ್ಲಿಗೆ ಬರ್ತಿದ್ರಾ?”

ಅವನು ತಲೆಯಾಡಿಸಿದ.

ಆಗ ಮಂಚದಿಂದ ಸದ್ದು ಬಂತು. ಗೂಳಪ್ಪನವರು ತಲೆ ಎತ್ತಲು ಹೆಣಗುತ್ತಿದ್ದರು. ಎಡಗೈಯಿಂದ ಮಂಚದ ಕಂಬಿಯನ್ನು ಬಡಿದು, ಅದೇ ಕೈಯನ್ನು ಎದೆಗೆ ತಂದು, ಮತ್ತೆ ಡಬ್ಬಿಯ ಕಡೆ ಚಾಚುತ್ತಿದ್ದರು. ಬಾಯಿಯಿಂದ “ನ... ನ...” ಎಂಬುದರಾಚೆ ಏನೂ ಹೊರಡಲಿಲ್ಲ. ಜೊಲ್ಲು ಗದ್ದಕ್ಕಿಳಿಯಿತು. ನನ್ನದು, ನನ್ನದು ಎನ್ನುತ್ತಿದ್ದಾರೆ ಎಂಬುದು ಹನುಮಯ್ಯನಿಗೆ ಗೊತ್ತಾಯಿತು. ಸದ್ದಿನ ನಡುವೆ ಸನ್ನೆ ಓದಿ ಬದುಕಿದವನು ಅವನು.

“ಬೇಡ ಸಾರ್” ಎಂದ. “ಮಲಗಿ. ಆಗಿದ್ದು ಆಯ್ತು.”

“ನೋಡಿದ್ರಾ?” ಜಯದೇವಿ ಗಂಡನ ಎದೆ ಸವರುತ್ತ ಅಳುತ್ತಿದ್ದರು. “ಅವ್ರಿಗೆ ಎಷ್ಟು ಸಿಟ್ಟು ಬಂದಿದೆ ನೋಡಿ. ಬೆಳ್ಳುಳ್ಳಿ ಕೂಡ ತಿನ್ನದ ಮನುಷ್ಯ. ಇದನ್ನ ಅವ್ರು ತಡ್ಕೊಳ್ಳಲ್ಲ. ನೀವು ಒಳ್ಳೆಯವ್ರೇ, ನಾನು ಇಲ್ಲ ಅನ್ನಲ್ಲ. ಬೇಜಾರು ಮಾಡ್ಕೋಬೇಡಿ ಹನುಮಯ್ಯನವ್ರೇ... ಇನ್ಮೇಲೆ ಬರಬೇಡಿ.”

ಅವನು ಡಬ್ಬಿ ಮುಚ್ಚಿ ಎತ್ತಿಕೊಂಡ. ಬಾಗಿಲು ದಾಟುವಾಗ ಒಮ್ಮೆ ತಿರುಗಿ ನೋಡಿದ. ಗೂಳಪ್ಪನವರ ಕಣ್ಣಿನಿಂದ ನೀರು ಕಿವಿಯ ಕಡೆ ಹರಿಯುತ್ತಿತ್ತು. ಕೊರವ ಬಿದ್ದ ಸುದ್ದಿ ಹೇಳುವುದು ಹಾಗೇ ಉಳಿಯಿತು.

ಆ ಮಳೆಗಾಲವೆಲ್ಲ ಅವನು ಕೆರೆಗೆ ಹೋಗಲಿಲ್ಲ. ಭಾನುವಾರ ಕೋಣೆಯಲ್ಲೇ ಮಲಗಿರುತ್ತಿದ್ದ. ಕೆಳಗೆ ಮಾಲಾಳ ಮನೆಯ ಟೀವಿ, ಆಚೆ ಮೆಟ್ರೋ ರೈಲು ಹಾದುಹೋಗುವ ಸದ್ದು. ಮಾತು ಜೋಡಿಸಿಕೊಳ್ಳುವ ಅಭ್ಯಾಸ ಮಾತ್ರ ಬಿಡಲಿಲ್ಲ. ಹೇಳಲು ಯಾರೂ ಇಲ್ಲದೆ ಮಾತು ಸೇರುತ್ತಾ ಹೋದರೆ ಅದು ಹಿಂದಿನ ಮೌನಕ್ಕಿಂತ ಭಾರವಾಗುತ್ತದೆಂದು ಅವನಿಗೆ ಆಗ ತಿಳಿಯಿತು. ಆಗಾಗ ಕಮಲಾನಗರಕ್ಕೆ ಹೋಗಿ ಮುನಿಲಕ್ಷ್ಮಮ್ಮನ ಕೊಟ್ಟಿಗೆಯ ಮುಂದೆ ನಿಲ್ಲುತ್ತಿದ್ದ. “ಹಂಗೇ ಅವ್ರೆ ಕಣಣ್ಣ. ಗಂಜಿ ಕುಡೀತವ್ರಂತೆ” ಎಂದೋ, “ಭಾನುವಾರ ಬಂದ್ರೆ ಬಾಗಿಲ ಕಡೆನೇ ನೋಡ್ತಾರಂತೆ, ಅಮ್ಮ ಅಂತಿದ್ರು” ಎಂದೋ ಆಕೆ ಹೇಳುವಳು. ಎರಡನೆಯದನ್ನು ಕೇಳಿದ ದಿನ ಅವನು ಬಸ್ಸು ಹತ್ತದೆ ನಡೆದೇ ಅತ್ತಿಗುಪ್ಪೆಗೆ ಬಂದ.

ಕಾರ್ತಿಕದಲ್ಲಿ ಗೂಳಪ್ಪನವರು ತೀರಿಕೊಂಡರು. ಫೋನ್ ಮಾಡಿ ಸುದ್ದಿ ಹೇಳಿದವಳೂ ಮುನಿಲಕ್ಷ್ಮಮ್ಮನೇ. ಅವಳಿಗೆ ಅವನು ತನ್ನ ನಂಬರು ಕೊಟ್ಟಿದ್ದ.

ಬರಬೇಡಿ ಎಂದವರ ಮನೆಗೆ ಹೋಗುವುದೋ ಬೇಡವೋ ಎಂದು ಅವನು ಯೋಚಿಸಲಿಲ್ಲ. ಹಸಿರು ಗೇಟಿನ ಹೊರಗೆ ಶಾಮಿಯಾನ ಹಾಕಿದ್ದರು. ತುಮಕೂರಿನಿಂದ ಬಂದ ಅವರ ಮಗಳು, ನೆಂಟರು, ಬೀದಿಯವರು ನೆರೆದಿದ್ದರು. ಗೂಳಪ್ಪನವರನ್ನು ಗೋಡೆಗೆ ಒರಗಿಸಿ ಕೂರಿಸಿ, ಹಾರ ಹಾಕಿ, ಹಣೆ ತುಂಬ ವಿಭೂತಿ ಬಳಿದಿದ್ದರು. ಹನುಮಯ್ಯ ಚಪ್ಪಲಿಗಳ ರಾಶಿಯ ಪಕ್ಕದಲ್ಲೇ ನಿಂತ. ಜಯದೇವಿ ಆಗಾಗ ತಲೆ ಎತ್ತಿ ಗೇಟಿನ ಕಡೆ ನೋಡುತ್ತಿದ್ದರು. ಯಾರನ್ನೋ ಕಾಯುತ್ತಿರುವಂತಿತ್ತು. ಕೊನೆಗೆ ಅವರ ಕಣ್ಣು ಇವನ ಮೇಲೆ ಬಿತ್ತು. ಹತ್ತಿರ ಬಾ ಎಂದು ಕೈ ಮಾಡಿದರು.

ಅವನು ಹೋಗಿ ಬಗ್ಗಿ ನಿಂತ.

“ನೀವೊಬ್ರೇನಾ ಬಂದಿದ್ದು?” ಎಂದರು ಜಯದೇವಿ. ಅತ್ತು ಅತ್ತು ದನಿ ಒಡೆದಿತ್ತು. “ಅಷ್ಟು ವರ್ಷ ಹೋಗಿದ್ದಾರೆ. ಮಂಡಳಿಯ ಒಬ್ಬರಾದ್ರೂ ಬೇಡ್ವಾ? ಬೇರೆಯವ್ರು ಯಾಕೆ ಬರಲಿಲ್ಲ?”

ಸುಳ್ಳು ಅವನ ನಾಲಗೆಯ ಮೇಲೆ ಸಿದ್ಧವಾಗಿತ್ತು. ಬರುತ್ತಾರಮ್ಮ, ದಾರಿಯಲ್ಲಿದ್ದಾರೆ ಎನ್ನಬಹುದಿತ್ತು. ಆದರೆ ಆಕೆ ಮತ್ತೆ ಗೇಟಿನ ಕಡೆ ನೋಡುತ್ತಾ ಕೂರುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ.

“ಬೇರೆಯವ್ರು ಯಾರೂ ಇರಲಿಲ್ಲಮ್ಮ” ಎಂದ. “ನಾವಿಬ್ರೇ.”

ಜಯದೇವಿ ಅವನ ಮುಖವನ್ನೇ ನೋಡಿದರು. ನೋಡುತ್ತಾ ನೋಡುತ್ತಾ ಅವರ ಕಣ್ಣು ಅವನನ್ನು ದಾಟಿ ಎಲ್ಲೋ ಹೋಯಿತು. ಅಂದು ಮಂಚದ ಕಂಬಿ ಬಡಿದ ಗಂಡನ ಕೈ ಯಾರ ಎದೆಗೆ ಬಂದಿತ್ತು, ಎತ್ತ ಚಾಚಿತ್ತು ಎಂಬುದನ್ನು ಈಗ ಮತ್ತೆ ಕಾಣುತ್ತಿದ್ದರೋ ಏನೋ. ಆಮೇಲೆ ಮಗಳ ಕಡೆ ತಿರುಗಿ, “ಇವ್ರಿಗೆ ಇಲ್ಲೇ ಕೂರೋಕೆ ಜಾಗ ಮಾಡಮ್ಮ. ಅಪ್ಪನ ಪಕ್ಕ” ಎಂದರು.

ಹನುಮಯ್ಯ ಅಲ್ಲಿ ಕೂತ. ಮಣ್ಣು ಮಾಡುವಾಗಲೂ ಜೊತೆಗಿದ್ದ. ಎಲ್ಲರಂತೆ ಬಿಲ್ವಪತ್ರೆ ಹಾಕಿದ, ಮೂರು ಹಿಡಿ ಮಣ್ಣು ಹಾಕಿದ. ನೆಂಟರಲ್ಲೊಬ್ಬರು “ನೀವು ಅವ್ರಿಗೆ ಏನಾಗ್ಬೇಕು?” ಎಂದು ಕೇಳಿದಾಗ ಉತ್ತರ ಹುಡುಕುತ್ತ ನಿಂತ. ಅಷ್ಟರಲ್ಲಿ ಆ ನೆಂಟರು ವ್ಯಾನು ಹತ್ತಿ ಹೋದರು.

ಅತ್ತಿಗುಪ್ಪೆಗೆ ಮರಳಿದಾಗ ದೀಪ ಹಚ್ಚುವ ಹೊತ್ತು. ಕಾಂಪೌಂಡಿನ ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದವನನ್ನು ಮಾಲಾ ಕಿಟಕಿಯಿಂದ ಕಂಡಳು. ಪಂಚೆಗೆ ಮೆತ್ತಿದ ಮಣ್ಣು ನೋಡಿ ಹೊರಬಂದಳು.

“ಯಾರು ಹೋದ್ರು ಅಂಕಲ್?”

“ನನ್ನ ಸ್ನೇಹಿತರು” ಎಂದ ಹನುಮಯ್ಯ.

“ಅಯ್ಯೋ. ತಣ್ಣೀರಲ್ಲಿ ಸ್ನಾನ ಮಾಡ್ಬೇಡಿ, ಇರಿ. ಗೀಸರ್ ಆನ್ ಇದೆ, ಒಂದು ಬಕೆಟ್ ಬಿಸಿನೀರು ಕೊಡ್ತೀನಿ.” ಒಳಗೆ ಹೊರಟವಳು ತಡೆದು ನಿಂತು ಕೇಳಿದಳು: “ತುಂಬಾ ವರ್ಷದ ಸ್ನೇಹಾನಾ ಅಂಕಲ್?”

ಎಂದಿನಂತೆ ತಲೆಯಾಡಿಸಿ ಮೆಟ್ಟಿಲು ಹತ್ತಬಹುದಿತ್ತು. ಅವನು ನಲ್ಲಿ ನಿಲ್ಲಿಸಿ, ಕಾಂಪೌಂಡಿನ ಗೋಡೆ ಹಿಡಿದುಕೊಂಡು, “ಹೇಳ್ತೀನಿ ಕಣಮ್ಮ” ಎಂದ. ಆದರೆ ಒಳಗೆ ಅವಳ ಮಗು ಅಳಲು ಶುರುಮಾಡಿತು. ಅವಳು “ಬಂದೆ ಅಂಕಲ್” ಎಂದು ಓಡಿದಳು. ಹನುಮಯ್ಯ ಒದ್ದೆ ಕಾಲಲ್ಲಿ ಅಲ್ಲೇ ನಿಂತು ಕಾದ.